ಡೈನೊ ಮೇಲೆ ಮುರಿದ ಪಿಸ್ಟನ್: ಟ್ಯೂನಿಂಗ್ ಕೇಂದ್ರಕ್ಕೆ ದೂರು ಪತ್ರ

ಗೆ,
ವ್ಯವಸ್ಥಾಪಕರು,
ಡೈನೊ ಟ್ಯೂನಿಂಗ್ ವಿಭಾಗ

ವಿಷಯ: ಪೆಟ್ರೋಲ್ ಪ್ರೆಶರ್ ಕುಸಿಯುತ್ತಿದ್ದರೂ ರನ್ ನಿಲ್ಲಿಸದೆ ಎಂಜಿನ್‌ಗೆ ಆದ ಹಾನಿ; ಪರಿಹಾರ ಹಾಗೂ ಕಡತಗಳನ್ನು ಕೋರಿ.

ಮಾನ್ಯರೇ,

ಮನೆಯ ಶೆಡ್ಡಿನಲ್ಲೇ ಟರ್ಬೊ ಕೂರಿಸಿ ಕಟ್ಟಿದ 2.0 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರನ್ನು ಡೈನೊ ಟ್ಯೂನಿಂಗ್‌ಗಾಗಿ (ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುತ್ತಾ ಎಂಜಿನ್ ಹೊಂದಿಸುವ ಕೆಲಸ; ಹಾಗೆ ಓಡಿಸುವ ಒಂದೊಂದು ಸರದಿ ಒಂದು ‘ರನ್’) ನಿಮಗೆ ಒಪ್ಪಿಸಿದ್ದೆವು. ಕಾರಿನ ಜೊತೆ ಕೊಟ್ಟ ಚೀಟಿಯಲ್ಲಿ ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಕಂಪ್ರೆಶನ್ 9:1, ಮೂಲ ಎರಕದ ಪಿಸ್ಟನ್‌ಗಳು, 440 ಸಿಸಿ ಇಂಜೆಕ್ಟರ್, 95 ಆಕ್ಟೇನ್ ಪೆಟ್ರೋಲು, 0.7 ಬಾರ್ ಸ್ಪ್ರಿಂಗಿನ ವೇಸ್ಟ್‌ಗೇಟ್ (ಟರ್ಬೊ ಒತ್ತಡವನ್ನು ಮಿತಿಯಲ್ಲಿಡುವ ಕವಾಟ) ಎಂದು ಬರೆದಿತ್ತು. ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) 1.0 ಬಾರ್ ದಾಟಬಾರದು, ಫುಲ್ ಲೋಡಿನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ; 1ಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲು ಹೆಚ್ಚು) 0.80ರ ಆಸುಪಾಸಿನಲ್ಲಿರಬೇಕು, ಇಂಜೆಕ್ಟರ್ ಡ್ಯೂಟಿ (ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೆರೆದಿರುವ ಸಮಯದ ಪಾಲು) ಶೇ. 85 ಮೀರಬಾರದು ಎಂಬ ಮೂರು ಮಿತಿಗಳ ಕೆಳಗೆ ನಿಮ್ಮವರು ಸಹಿ ಹಾಕಿದ್ದಾರೆ. ಒಂಬತ್ತು ರನ್‌ಗಳ ಕೊನೆಗೆ ಈ ಮೂರೂ ಮಿತಿ ಮೀರಿದ್ದವು.

ಕಾರು ಮರಳಿ ಬಂದ ದಿನವೇ ಬ್ರೀದರ್ ಪೈಪಿನಿಂದ ಎಣ್ಣೆ ಹೊಗೆ ಬರತೊಡಗಿತು. ಕಂಪ್ರೆಶನ್ ಟೆಸ್ಟ್‌ನಲ್ಲಿ ಒಂದರಿಂದ ನಾಲ್ಕರವರೆಗಿನ ಸಿಲಿಂಡರ್‌ಗಳು 11.5, 11.4, 7.6, 11.5 ಬಾರ್ ತೋರಿಸಿದವು. ಮೂರನೆಯದಕ್ಕೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಗೇಜ್ ಹಾಕಿದರೆ ಸೋರಿಕೆ ಶೇ. 42. ಗಾಳಿ ಬುಸುಗುಟ್ಟಿದ್ದು ಆಯಿಲ್ ತುಂಬುವ ಬಾಯಿಯಲ್ಲಿ. ಸೈಲೆನ್ಸರ್‌ನಲ್ಲೂ ಅಲ್ಲ, ಇನ್‌ಟೇಕ್‌ನಲ್ಲೂ ಅಲ್ಲ. ಅಂದರೆ ವಾಲ್ವ್‌ಗಳು ಕೂತಿವೆ, ಸೋರುತ್ತಿರುವುದು ರಿಂಗಿನ ಕಡೆ. ಆ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ಲೆನ್ಸ್ ಹಿಡಿದು ನೋಡಿದರೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ನಡುನಡುವೆ ಬೆಳ್ಳಿಯಂತೆ ಹೊಳೆಯುವ ಸಣ್ಣ ಮಣಿಗಳು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಹೆಡ್ ಬಿಚ್ಚಿ ಪಿಸ್ಟನ್ ಹೊರತೆಗೆದಾಗ ಮೊದಲ ಮತ್ತು ಎರಡನೆಯ ರಿಂಗಿನ ನಡುವಿನ ದಂಡೆ ಕಿರುಬೆರಳಿನ ಉಗುರಿನಷ್ಟಗಲ ಮುರಿದು ಹೋಗಿತ್ತು. ನಾಕಿಂಗ್‌ಗೆ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಸಿಡಿಯುವುದಕ್ಕೆ) ಸಿಕ್ಕ ಎರಕದ ಪಿಸ್ಟನ್ ಮುರಿಯುವುದು ಹೀಗೆಯೇ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

‘ರಸ್ತೆಯಲ್ಲಿ ಎಳೆದು ಓಡಿಸಿದ್ದೀರಿ’ ಎಂದು ನೀವು ಫೋನಿನಲ್ಲಿ ಹೇಳಿದಿರಿ. ಕೊನೆಯ ರನ್ ಆದ ಮೇಲೆ ಬೂಸ್ಟ್ ಒಮ್ಮೆಯೂ 0.2 ಬಾರ್ ದಾಟಿಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಳಗಿನ ಲಾಗ್ ಅದನ್ನು ದಾಖಲಿಸಿದೆ. ಅದೇ ಲಾಗ್‌ನಲ್ಲಿ ನಿಮ್ಮ ಒಂಬತ್ತೂ ರನ್‌ಗಳಿವೆ. ಕೆಳಗಿನ ಅಂಕಿಗಳೆಲ್ಲ ಅಲ್ಲಿಂದ ತೆಗೆದವು.

ಈ ಕಾರಿನ ಪೆಟ್ರೋಲ್ ಪ್ರೆಶರ್ ರೆಗ್ಯುಲೇಟರ್ ವ್ಯಾಕ್ಯೂಮ್ ಪೈಪು ಕಳಚಿದಾಗ 3.0 ಬಾರ್ ಕೊಡುತ್ತದೆ. ಬೂಸ್ಟ್ ಎಷ್ಟು ಏರುತ್ತದೋ ಪೆಟ್ರೋಲ್ ಪ್ರೆಶರ್ ಅಷ್ಟೇ ಏರಬೇಕು. ನಾಲ್ಕನೆಯ ರನ್‌ವರೆಗೆ ಹಾಗೆಯೇ ಇತ್ತು. ಏಳನೆಯ ರನ್‌ನಲ್ಲಿ, 1.0 ಬಾರ್ ಬೂಸ್ಟ್‌ಗೆ 4.0 ಇರಬೇಕಾದ ಕಡೆ, 6000 ಆರ್‌ಪಿಎಂ ಹೊತ್ತಿಗೆ 3.6ಕ್ಕೆ ಇಳಿದಿದೆ. ಕೆಲಸ ನಿಲ್ಲಿಸಬೇಕಾಗಿದ್ದದ್ದು ಅಲ್ಲಿ. ನಿಲ್ಲಿಸುವ ಬದಲು ಬೂಸ್ಟ್ ಅನ್ನು 1.2ಕ್ಕೆ ಏರಿಸಿದ್ದೀರಿ. ಒಂಬತ್ತನೆಯ ರನ್‌ನಲ್ಲಿ 4.2 ಇರಬೇಕಾದ ಪ್ರೆಶರ್ 3.5. ಇಂಜೆಕ್ಟರ್ ತುದಿಯ ಎರಡೂ ಬದಿಯ ಒತ್ತಡದ ಅಂತರ 3.0ರಿಂದ 2.3ಕ್ಕೆ ಕುಸಿಯಿತು. ಹರಿವು ಆ ಅಂತರದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ ಪೆಟ್ರೋಲು ಶೇ. 12ರಷ್ಟು ಕಡಿಮೆಯಾಯಿತು, 0.80 ಇರಬೇಕಾದ ಲ್ಯಾಂಬ್ಡಾ 0.91ಕ್ಕೆ ಹೋಗಲೇಬೇಕು. ಡೌನ್‌ಪೈಪಿನಲ್ಲಿ (ಟರ್ಬೊದಿಂದ ಹೊಗೆ ಹೊರಬರುವ ಪೈಪು) ಲ್ಯಾಂಬ್ಡಾ ಅಳೆಯುವ ನಮ್ಮ ವೈಡ್‌ಬ್ಯಾಂಡ್ ಸೆನ್ಸರ್ 6000ದ ಮೇಲೆ 0.91 ಎಂದೇ ತೋರಿಸುತ್ತಿದೆ. ಡ್ಯೂಟಿ ಆಗ ಶೇ. 93.

ನಿಮ್ಮ ಹಾಳೆಯಲ್ಲಿ ಮಾತ್ರ ಲ್ಯಾಂಬ್ಡಾ 0.82 ಎಂದಿದೆ. ನೀವು ಅಳೆದದ್ದು ಸೈಲೆನ್ಸರ್ ಬಾಯಿಗೆ ತೂರಿಸಿದ ಕೊಳವೆಯಿಂದ, ಕ್ಯಾಟಲಿಟಿಕ್ ಕನ್ವರ್ಟರ್ ದಾಟಿ ಬಂದ ಹೊಗೆಯಲ್ಲಿ. ಕಾರಿನಲ್ಲೇ ಕನ್ವರ್ಟರ್‌ಗಿಂತ ಮುಂಚೆ ಸೆನ್ಸರ್ ಇದ್ದು, ಎರಡರ ಅಂಕಿಗಳು ಇಷ್ಟು ದೂರ ಹೋಗುತ್ತಿರುವಾಗ, ಯಾವುದು ಸರಿ ಎಂದು ತಿಳಿಯುವವರೆಗೆ ಬೂಸ್ಟ್ ಏರಿಸುವಂತಿರಲಿಲ್ಲ.

ಪ್ರೆಶರ್ ಕುಸಿಯಲು ಕಾರಣ ಪಂಪಿನ ವೈರು. ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪಿನ ತುದಿಯಲ್ಲಿ 11.4. ದೊಡ್ಡ ಪಂಪು ಹಾಕಿ ಹಳೆಯ ತೆಳು ವೈರನ್ನೇ ಉಳಿಸಿಕೊಂಡ ತಪ್ಪು ಕಾರು ಕಟ್ಟಿದ ನಮ್ಮದು, ಒಪ್ಪುತ್ತೇವೆ. ಬ್ಯಾಟರಿಯಿಂದ ನೇರವಾಗಿ 4 ಚದರ ಮಿ.ಮೀ. ವೈರು, ಫ್ಯೂಸು ಮತ್ತು ಬೇರೆ ರಿಲೇ ಹಾಕಿದ ಮೇಲೆ ಅದು 13.5ಕ್ಕೆ ಬಂದಿದೆ. ಮನೆಯಲ್ಲಿ ಕಟ್ಟಿದ ಗಾಡಿಯಲ್ಲಿ ಇಂಥ ಕೊರತೆ ಇದ್ದೇ ಇರುತ್ತದೆ. ಅದು ರಸ್ತೆಯ ಬದಲು ರೋಲರ್ ಮೇಲೆ ಸಿಕ್ಕಿಬೀಳಲಿ ಎಂದೇ ಡೈನೊಗೆ ಏರಿಸುವುದು. ಕೊರತೆ ಕಾಣಿಸಿತು. ಕಂಡದ್ದನ್ನು ನಮಗೆ ಹೇಳಲಿಲ್ಲ.

ಟೈಮಿಂಗ್ (ಪಿಸ್ಟನ್ ಮೇಲ್ತುದಿ ತಲುಪುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಪ್ಲಗ್ಗಿನ ಕಿಡಿ ಹಾರುತ್ತದೆ ಎಂಬುದು) ವಿಷಯ ಇದಕ್ಕಿಂತ ನೋವಿನದು. ‘ಬೇಸ್ ಟೈಮಿಂಗ್ ಪರಿಶೀಲಿಸಿದೆ’ ಎಂಬ ಸಾಲಿನ ಎದುರು ನಿಮ್ಮ ಜಾಬ್ ಶೀಟಿನಲ್ಲಿ ಟಿಕ್ ಇದೆ. ಹೆಡ್ ಬಿಚ್ಚುವ ಮುಂಚೆ ಇಸಿಯುನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ ಟೈಮಿಂಗ್ ಲೈಟ್ ಹಿಡಿದೆವು: ಪುಲ್ಲಿಯ ಗುರುತು ನಿಂತದ್ದು 14ರಲ್ಲಿ. 3000 ಆರ್‌ಪಿಎಂನಲ್ಲೂ ಅಷ್ಟೇ. ಟ್ರಿಗರ್ ಆಫ್‌ಸೆಟ್ (ಇಸಿಯು ಎಣಿಕೆಯನ್ನು ಎಂಜಿನ್ನಿನ ನಿಜವಾದ ಸ್ಥಾನಕ್ಕೆ ಹೊಂದಿಸುವ ಅಂಕಿ) 4 ಡಿಗ್ರಿ ತಪ್ಪಿದೆ. ನಿಮ್ಮ ಮ್ಯಾಪಿನಲ್ಲಿ (ಇಸಿಯು ಅನುಸರಿಸುವ ಅಂಕಿಗಳ ಕೋಷ್ಟಕದಲ್ಲಿ) 16 ಎಂದು ಇರುವ ಕಡೆ ಕಿಡಿ ಹಾರಿದ್ದು 20ರಲ್ಲಿ, ಅದೂ 1.2 ಬಾರ್‌ನಲ್ಲಿ, 95 ಆಕ್ಟೇನಿನಲ್ಲಿ, ತೆಳು ಮಿಶ್ರಣದಲ್ಲಿ. ಹತ್ತು ನಿಮಿಷದ ಕೆಲಸ ಅದು. ಮಾಡದೆ ಟಿಕ್ ಹಾಕಿದ್ದೀರಿ. ಎಂಟನೆಯ ರನ್‌ಗೂ ಒಂಬತ್ತನೆಯದಕ್ಕೂ ನಡುವೆ ಬೂಸ್ಟ್ ಬದಲಿಸದೆ 2 ಡಿಗ್ರಿ ಮುಂದೆ ತಂದಿದ್ದೀರಿ. ಟಾರ್ಕ್ ಏರಿದ್ದು 3 ನ್ಯೂಟನ್ ಮೀಟರಿಗೂ ಕಡಿಮೆ. ಟೈಮಿಂಗ್ ಮುಂದೆ ತಂದರೂ ಟಾರ್ಕ್ ಏರದಿದ್ದರೆ ಅದನ್ನು ಹಿಂದಕ್ಕೆ ಎಳೆದು ಬಿಡಬೇಕು. ನೀವು ಮುಂದೆ ತಂದದ್ದನ್ನೇ ಉಳಿಸಿಕೊಂಡಿದ್ದೀರಿ. ನಾಕಿಂಗ್ ಕೇಳಲು ಬ್ಲಾಕಿಗೆ ಮೈಕ್ ಕಟ್ಟಿದ ಗುರುತು ಎಲ್ಲಿಯೂ ಇಲ್ಲ. ಒಂದೇ ಫ್ಯಾನು, ಎರಡು ನಿಮಿಷವೂ ಬಿಡುವಿಲ್ಲದ ರನ್‌ಗಳು. ಮೊದಲ ರನ್‌ನಲ್ಲಿ 34 ಡಿಗ್ರಿ ಇದ್ದ ಇನ್‌ಟೇಕ್ ಗಾಳಿ ಕೊನೆಯದರಲ್ಲಿ 71.

ಬೂಸ್ಟ್ ಮಿತಿ ಮೀರಿದರೆ ಎಂಜಿನ್ ತಡೆಯುವ ಬೂಸ್ಟ್ ಕಟ್ ಅನ್ನು 1.8 ಬಾರ್‌ಗೆ ಇಟ್ಟಿದ್ದೀರಿ. ಈ ಕಾರಿನ ಇನ್‌ಟೇಕ್ ಒತ್ತಡ ಅಳೆಯುವ ಸೆನ್ಸರ್ 2.5 ಬಾರ್ ಅಬ್ಸೊಲ್ಯೂಟ್‌ನದು (ಹೊರಗಿನ ಗಾಳಿಯ ಸುಮಾರು 1 ಬಾರ್ ಸೇರಿ), ಬೂಸ್ಟ್ 1.5 ದಾಟಿದರೆ ಅದಕ್ಕೆ ಕಾಣುವುದೇ ಇಲ್ಲ. ವೇಸ್ಟ್‌ಗೇಟಿನ ಪೈಪು ಕಳಚಿ ಬಿದ್ದರೂ ಈ ಕಟ್ ಕೆಲಸ ಮಾಡುವುದಿಲ್ಲ. ಗುರಿಗಿಂತ 0.2 ಮೇಲೆ ಇಟ್ಟಿದ್ದರೆ ಸಾಕಿತ್ತು.

ಹಾಳೆಯಲ್ಲಿ ಅಚ್ಚಾಗಿರುವ 239 ಹಾರ್ಸ್‌ಪವರ್ ಬಗ್ಗೆಯೂ ಒಂದು ಮಾತು. ರೋಲರ್ ಅಳೆದದ್ದು 230. ಉಳಿದ 9 ಬಂದದ್ದು 1.04 ಎಂಬ ಎಸ್‌ಎಇ ಜೆ1349 (ಹವೆಗೆ ತಕ್ಕಂತೆ ಶಕ್ತಿಯ ಅಂಕಿ ಸರಿಹೊಂದಿಸುವ ಮಾನದಂಡ) ತಿದ್ದುಪಡಿಯಿಂದ. ಕೋಣೆಯ ಗಾಳಿ 46 ಡಿಗ್ರಿ ಎಂದು ಯಂತ್ರಕ್ಕೆ ತಿಳಿಸಿದ್ದರಿಂದ ಆ ಅಂಕಿ ಬಂತು. ತಣ್ಣಗಿದ್ದ ಕಾರಿನ ಕೀ ತಿರುಗಿಸಿದಾಗ ಕೂಲೆಂಟ್ ಮತ್ತು ಇನ್‌ಟೇಕ್ ಸೆನ್ಸರ್ ಎರಡೂ ತೋರಿಸಿದ್ದು 27. ಹಾಳೆಯಲ್ಲೇ ಇರುವ 99 ಕಿಲೊಪ್ಯಾಸ್ಕಲ್ ಒತ್ತಡದಲ್ಲಿ 27 ಡಿಗ್ರಿಗೆ ತಿದ್ದುಪಡಿ 1.004 ಬರುತ್ತದೆ, ಶಕ್ತಿ 231. ನಿಮ್ಮ ಹವಾ ಸೆನ್ಸರ್ ಎಂಜಿನ್ನಿನ ಬಿಸಿ ತಾಗುವ ಕಡೆ ತೂಗುತ್ತಿರಬೇಕು, ಜಾಗ ಬದಲಿಸಿ. ನಮಗೆ 231 ಧಾರಾಳವಾಗಿ ಸಾಕಿತ್ತು. 1.0 ಬಾರ್‌ನಲ್ಲಿ ಅದಕ್ಕಿಂತ ಕಡಿಮೆ ಬಂದಿದ್ದರೂ ಸಾಕಿತ್ತು.

1500ರಿಂದ 3000 ಆರ್‌ಪಿಎಂವರೆಗಿನ ಕಡಿಮೆ ಲೋಡಿನ ಕೋಶಗಳು ನಾವು ಕೊಟ್ಟ ಆರಂಭದ ಮ್ಯಾಪಿನಲ್ಲಿ ಇದ್ದಂತೆಯೇ ಇವೆ, ಒಂದಂಕಿಯೂ ಬದಲಾಗಿಲ್ಲ. ‘ಪೂರ್ಣ ಟ್ಯೂನಿಂಗ್’ ಎಂದು ಬಿಲ್ಲು ಮಾಡಿದ ಕೆಲಸ ಇದು.

ಆದ್ದರಿಂದ, ಈ ಪತ್ರ ತಲುಪಿದ 15 ದಿನಗಳೊಳಗೆ ಟ್ಯೂನಿಂಗ್ ಶುಲ್ಕವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಪಿಸ್ಟನ್, ರಿಂಗ್ ಸೆಟ್, ಹೆಡ್ ಗ್ಯಾಸ್ಕೆಟ್ ಮತ್ತು ಸಿಲಿಂಡರ್ ಹೋನಿಂಗ್ (ಒಳಗೋಡೆ ಉಜ್ಜಿ ಸರಿಪಡಿಸುವ ಕೆಲಸ) ಖರ್ಚನ್ನು ನೀವು ಭರಿಸಬೇಕು. ವೈರಿನ ತಪ್ಪು ನಮ್ಮದಾದ್ದರಿಂದ ಎಂಜಿನ್ ಬಿಚ್ಚಿ ಕಟ್ಟುವ ಕೂಲಿಯನ್ನು ಕೇಳುತ್ತಿಲ್ಲ. ಒಂಬತ್ತೂ ರನ್‌ಗಳ ಡೈನೊ ಕಡತಗಳನ್ನು ತಿದ್ದುಪಡಿ ಮತ್ತು ಸ್ಮೂತಿಂಗ್ ಇಲ್ಲದ ರೂಪದಲ್ಲೇ ಕೊಡಬೇಕು. ಅಂತಿಮ ಮ್ಯಾಪಿಗೆ ಹಾಕಿರುವ ಪಾಸ್‌ವರ್ಡ್ ತೆಗೆಯಬೇಕು. ಇಸಿಯು ನಮ್ಮದು, ಲಾಗ್ ಮತ್ತು ಮ್ಯಾಪ್ ಓದಲು, ಪರೀಕ್ಷೆಗೆ ಟೈಮಿಂಗ್ ಲಾಕ್ ಮಾಡಲು ಸಾಧ್ಯವಾದರೂ ಟ್ರಿಗರ್ ಆಫ್‌ಸೆಟ್ ಸರಿಪಡಿಸಲು ಈಗ ಬಿಡುತ್ತಿಲ್ಲ.

ಪ್ಲಗ್ಗು, ಪಿಸ್ಟನ್, ಮುರಿದ ಚೂರು ಮೂರನ್ನೂ ತೊಳೆಯದೆ ಇಟ್ಟಿದ್ದೇವೆ. ಬ್ಲಾಕ್ ಹೋನಿಂಗ್‌ಗೆ ಹೋಗುವ ಮುನ್ನ ನಿಮ್ಮ ತಂತ್ರಜ್ಞರು ಬಂದು ನೋಡಬಹುದು. ಲಾಗ್ ಕಡತ, ಲಾಕ್ ಮಾಡಿದ ಟೈಮಿಂಗ್‌ನ ವಿಡಿಯೊ ಮತ್ತು ಸಹಿ ಇರುವ ಚೀಟಿಯ ಪ್ರತಿಯನ್ನು ಲಗತ್ತಿಸಿದೆ.

ಇಂತಿ,
ಕಾರಿನ ಮಾಲೀಕರು