ಅಮ್ಮಾ, ನನ್ನ ಕಾಲು ಚೆನ್ನಾಗಿದೆ

ಪ್ರೀತಿಯ ಅಮ್ಮ, ಅಪ್ಪ, ಅಕ್ಕ,

ಭಾನುವಾರ ವಿಡಿಯೋ ಕಾಲ್ ಮಾಡ್ತಿರ್ಬೇಕಾದ್ರೆ ಫೋನ್ ಕೈಜಾರಿ ಕೆಳಗೆ ಬಿತ್ತಲ್ಲ, ಆಗ ನನ್ನ ಅಂಗಾಲು ಕಾಣಿಸ್ತು, ಅಮ್ಮ ಆಮೇಲೆ ಸರಿಯಾಗಿ ಮಾತೇ ಆಡ್ಲಿಲ್ಲ. "ಚಪ್ಪಲಿ ತಗೊಳ್ಳೋಕೂ ದುಡ್ಡಿಲ್ವಾ ನಿನ್ ಹತ್ರ" ಅಂತ ಕೇಳಿದ್ದು ಇನ್ನೂ ಕಿವೀಲೇ ಇದೆ. ದುಡ್ಡಿದೆ ಅಮ್ಮ. ಬ್ಯಾಗಲ್ಲಿ ಒಂದು ಜೊತೆ ಚಪ್ಪಲೀನೂ ಯಾವಾಗ್ಲೂ ಇರತ್ತೆ. ಹರಕೆಗಿರಕೆ ಏನೂ ಹೊತ್ತಿಲ್ಲ. ಒಂದು ವರ್ಷದಿಂದ ಎಲ್ಲಿಗೆ ತಿರುಗಾಡೋಕೆ ಹೋದ್ರೂ ಆದಷ್ಟು ಬರಿಗಾಲಲ್ಲೇ ಹೋಗ್ತಿದೀನಿ, ನಂಗೆ ಅದು ತುಂಬಾ ಇಷ್ಟ ಆಗ್ಬಿಟ್ಟಿದೆ, ಅಷ್ಟೇ. ಫೋನಲ್ಲಿ ಹೇಳೋಕೆ ಹೋದ್ರೆ ನೀನು ಅರ್ಧಕ್ಕೇ ಅಳೋಕೆ ಶುರು ಮಾಡ್ತೀಯ, ಅದಕ್ಕೇ ಬರೀತಿದೀನಿ. ಒಳ್ಳೇದನ್ನೂ ಬರೀತೀನಿ, ಆಗಿರೋ ಪೆಟ್ಟನ್ನೂ ಬರೀತೀನಿ, ಏನೂ ಮುಚ್ಚಿಡಲ್ಲ.

ಶುರುವಾಗಿದ್ದು ಹೋದ ವರ್ಷ ಮೇ ತಿಂಗಳಲ್ಲಿ. ಕಾಡಲ್ಲಿ ನಡಿಯೋಕೆ ಅಂತ ಹೋಗಿದ್ದೆ, ಹೊಸ ಶೂ, ಮಳೆ ಬಂದು ಒಳಗೆಲ್ಲ ನೀರು ಹೊಕ್ಕಿ ಹಿಮ್ಮಡಿ ಹತ್ರ ಬೊಬ್ಬೆ ಬಂದು ಒಡೆದೇ ಹೋಯ್ತು, ಒಂದೊಂದು ಹೆಜ್ಜೆಗೂ ಜೀವ ಹೋಗಿ ಬರ್ತಿತ್ತು. ಕೊನೆಗೆ ಶೂ ಬಿಚ್ಚಿ ಲೇಸ್ ಕಟ್ಟಿ ಹೆಗಲಿಗೆ ಹಾಕ್ಕೊಂಡೆ. ಪೈನ್ ಮರದ ಸೂಜಿ ಎಲೆ ಉದುರಿ ಉದುರಿ ನೆಲ ಹಾಸಿಗೆ ಥರ ಆಗಿತ್ತು, ಮೇಲೆ ಒಣಗಿರೋ ಹಾಗೆ ಕಾಣತ್ತೆ, ಕಾಲಿಟ್ರೆ ಒಳಗಿಂದ ತಣ್ಣಗೆ ನೀರು ಜಿನುಗತ್ತೆ, ಬೆರಳ ಸಂದೀಲಿ ಮಣ್ಣು. ಉಳಿದ ನಾಲ್ಕು ಕಿಲೋಮೀಟರ್ ಹೇಗೆ ಮುಗೀತು ಅಂತಾನೇ ಗೊತ್ತಾಗ್ಲಿಲ್ಲ. ರೂಮಿಗೆ ಬಂದು ಕಾಲು ತೊಳೆದು ಮಲಗಿದ್ರೆ ಅಂಗಾಲು ಪೂರ್ತಿ ಬೆಚ್ಚಗೆ ಜುಮ್ ಅಂತಿತ್ತು, ಅಂಥ ನಿದ್ದೆ ನಂಗೆ ಎಷ್ಟೋ ತಿಂಗಳಿಂದ ಬಂದಿರ್ಲಿಲ್ಲ.

ಇಲ್ಲಿ ಜರ್ಮನಿಯಲ್ಲಿ ಬರಿಗಾಲಲ್ಲಿ ನಡಿಯೋಕೆ ಅಂತಲೇ ದಾರಿ ಮಾಡಿಟ್ಟಿದಾರೆ ಅಂತ ಆಮೇಲೆ ತಿಳೀತು. ಬಾಟ್ ಸೋಬರ್ನ್‌ಹೈಮ್ ಅನ್ನೋ ಊರಲ್ಲಿ 1992ರಲ್ಲೇ ಒಂದು ಶುರುವಾಗಿದೆ, ಸುಮಾರು ಮೂರೂವರೆ ಕಿಲೋಮೀಟರ್, ನಾಹೆ ನದಿ ಪಕ್ಕದಲ್ಲಿ. ಹುಲ್ಲು, ಮರಳು, ಕಲ್ಲು, ಮರದ ತೊಗಟೆ, ಆಮೇಲೆ ಮೊಣಕಾಲವರೆಗೂ ಜೇಡಿಮಣ್ಣು, ನದೀನೇ ಹಾದು ಹೋಗೋ ಜಾಗಾನೂ ಇದೆ. ಆ ಊರಲ್ಲಿ ನೂರು ವರ್ಷದ ಹಿಂದೆ ಫೆಲ್ಕೆ ಅಂತ ಒಬ್ರು ಪಾದ್ರಿ ಇದ್ರಂತೆ, ಮಣ್ಣಿನ ಚಿಕಿತ್ಸೆ ಕೊಡ್ತಿದ್ರು, ಜನ ಅವರನ್ನ ಮಣ್ಣಿನ ಪಾದ್ರಿ ಅಂತಾನೇ ಕರೀತಿದ್ರು. ಅವರಿಗಿಂತ ಮುಂಚೆ ಕ್ನೈಪ್ ಅಂತ ಇನ್ನೊಬ್ಬ ಪಾದ್ರಿ, ಬೆಳಿಗ್ಗೆ ಇಬ್ಬನಿ ಹುಲ್ಲಲ್ಲಿ ಬರಿಗಾಲಲ್ಲಿ ನಡೀರಿ ಅಂತ ಹೇಳ್ತಿದ್ದೋರು. ಇವರು ಹೇಳಿದ್ದ ರೋಗಾನೆಲ್ಲ ಅದು ವಾಸಿ ಮಾಡತ್ತೆ ಅಂತ ನಾನು ನಂಬಲ್ಲ ಅಪ್ಪ, ನೀವು ಕೇಳೋ ಮುಂಚೇನೇ ಹೇಳ್ಬಿಡ್ತೀನಿ. ಆದ್ರೆ ಇಬ್ಬನಿ ಮೇಲೆ ಹತ್ತು ನಿಮಿಷ ನಡೆದ್ರೆ ಆ ಇಡೀ ದಿನ ಮನಸ್ಸು ಹಗುರ ಇರತ್ತೆ, ಇದು ಮಾತ್ರ ನನ್ನ ಸ್ವಂತ ಅನುಭವ.

ಅಮ್ಮ, ನಿಂಗೆ ಹೇಗೆ ಹೇಳ್ಲಿ. ಶೂ ಹಾಕ್ಕೊಂಡು ಹೋದ ಊರುಗಳು ನಂಗೆ ಫೋಟೋದಲ್ಲಷ್ಟೇ ನೆನಪಿವೆ. ಬರಿಗಾಲಲ್ಲಿ ಹೋದ ಜಾಗ ಕಣ್ಣು ಮುಚ್ಚಿದ್ರೂ ಕಾಲಿಗೆ ನೆನಪಾಗತ್ತೆ. ಬೆಳಿಗ್ಗೆ ಐದೂವರೆಗೆ ಹಳೇ ಬೀದಿಯ ಚಪ್ಪಡಿ ಕಲ್ಲು ಎಷ್ಟು ತಣ್ಣಗಿರತ್ತೆ, ನಡುವೆ ಸವೆದು ತಟ್ಟೆ ಥರ ಆಗಿರೋ ಕಲ್ಲಲ್ಲಿ ಹಿಮ್ಮಡಿ ಹೇಗೆ ಕೂತ್ಕೊಳ್ಳತ್ತೆ, ನೆರಳಿಂದ ಬಿಸಿಲಿಗೆ ಬಂದಾಗ ಗೆರೆ ಎಳೆದ ಹಾಗೆ ಬಿಸಿ ಹೇಗೆ ಶುರುವಾಗತ್ತೆ, ಇದೆಲ್ಲ ನಂಗೆ ಮೊದ್ಲು ಗೊತ್ತೇ ಇರ್ಲಿಲ್ಲ. ನಡಿಗೇನೂ ನಿಧಾನ ಆಗಿದೆ. ಮೊದ್ಲೆಲ್ಲ ದಿನಕ್ಕೆ ಹತ್ತು ಜಾಗ ನೋಡ್ಬೇಕು ಅಂತ ಓಡ್ತಿದ್ದೆ, ಈಗ ಮೂರು ನೋಡಿದ್ರೆ ಸಾಕು ಅನ್ಸತ್ತೆ.

ಅಕ್ಕ ಮೆಸೇಜ್ ಮಾಡಿದ್ಲು, ಅಂಗಾಲು ಗಟ್ಟಿಯಾದ್ರೆ ಸ್ಪರ್ಶಾನೇ ಹೋಗತ್ತಲ್ವಾ ಅಂತ. ಹೋಗಲ್ಲ ಕಣೇ. ಇದರ ಬಗ್ಗೆ ಸಂಶೋಧಕರು ಕೀನ್ಯಾದಲ್ಲಿ ಬರಿಗಾಲಲ್ಲಿ ಓಡಾಡೋರನ್ನೂ ಶೂ ಹಾಕೋರನ್ನೂ ಹೋಲಿಸಿ ನೋಡಿದಾರೆ, 2019ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಬಂತು, ಚರ್ಮ ದಪ್ಪ ಆದ್ರೂ ನೆಲ ತಿಳಿಯೋ ಶಕ್ತಿ ಕಮ್ಮಿ ಆಗಲ್ಲ ಅಂತ. ನಂದೂ ಹಾಗೇ. ಚರ್ಮ ಒರಟಾಗಿಲ್ಲ, ದಪ್ಪ ಆಗಿದೆ, ಮೆತ್ತಗಿನ ಚರ್ಮದ ಹಾಳೆ ಮುಟ್ಟಿದ ಹಾಗಿರತ್ತೆ, ಒಂದು ಮರಳಿನ ಕಾಳು ಕೆಳಗೆ ಬಂದ್ರೂ ಗೊತ್ತಾಗತ್ತೆ. ಒಂದು ಪಾದದಲ್ಲಿ 26 ಮೂಳೆ ಇವೆ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಿ, ಅವೆಲ್ಲ ಬೇರೆ ಬೇರೆಯಾಗಿ ಅಲ್ಲಾಡ್ತವೆ ಅಂತ ಉರುಟು ಕಲ್ಲಿನ ಮೇಲೆ ನಡೆದಾಗ್ಲೇ ನಂಗೆ ಗೊತ್ತಾಗಿದ್ದು.

ಈಗ ಪೆಟ್ಟಿನ ವಿಷಯ. ಜುಲೈಯಲ್ಲಿ ಗಾಜು ಹೊಕ್ಕಿತ್ತು. ಬಸ್ ಸ್ಟಾಪ್ ಹತ್ರ ಹುಲ್ಲಿನ ಮೇಲೆ, ಹುಲ್ಲು ಅಂದ್ರೆ ಭಯ ಇಲ್ಲ ಅಂದ್ಕೊಂಡಿದ್ದೆ, ಆದ್ರೆ ಅಲ್ಲೇ ಜಾಸ್ತಿ ಹುಷಾರಾಗಿರ್ಬೇಕು, ಯಾಕಂದ್ರೆ ನೆಲ ಕಾಣಲ್ಲ. ಹೆಬ್ಬೆರಳ ಕೆಳಗೆ ಚುಚ್ಚಿದ ಹಾಗಾಯ್ತು, ನೋಡಿದ್ರೆ ರಕ್ತ ಇಲ್ಲ ಏನಿಲ್ಲ, ಅಕ್ಕಿ ನುಚ್ಚಿನಷ್ಟು ಚೂರು, ಕಣ್ಣಿಗೆ ಕಾಣಲ್ಲ, ಕಾಲೂರಿದ್ರೆ ಮಾತ್ರ ನೆತ್ತಿಗೆ ಹತ್ತತ್ತೆ. ರಾತ್ರಿ ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಕಾಲು ನೆನೆಹಾಕಿ, ಫೋನ್ ಟಾರ್ಚ್ ಅಡ್ಡಡ್ಡ ಹಿಡಿದೆ, ಆಗ ಚರ್ಮದೊಳಗೆ ಸಣ್ಣದೊಂದು ಹೊಳಪು ಕಾಣಿಸ್ತು. ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಮೇಲಿನ ಚರ್ಮ ಸ್ವಲ್ಪ ಬಿಡಿಸಿ ಚಿಮಟದಲ್ಲಿ ಎಳೆದ್ರೆ ಬಂತು. ಅಷ್ಟು ಚಿಕ್ಕದು ಎರಡು ದಿನ ನನ್ನ ಕುಂಟಿಸಿತ್ತು. ಅವತ್ತಿಂದ ಚಿಮಟ, ಸೂಜಿ, ಭೂತಗನ್ನಡಿ, ಬ್ಯಾಂಡೇಜು ಒಂದು ಡಬ್ಬೀಲಿ ಇಟ್ಕೊಂಡೇ ಓಡಾಡ್ತೀನಿ, ಮಲಗೋ ಮುಂಚೆ ಎರಡೂ ಅಂಗಾಲು ನೋಡ್ಕೊಳ್ತೀನಿ.

ಟಾರ್ ರಸ್ತೆ ಇನ್ನೊಂದು ಕಷ್ಟ. ಗಾಳಿ ಅಷ್ಟೇನೂ ಬಿಸಿ ಅನ್ಸಲ್ಲ, ಆದ್ರೆ ಕಪ್ಪು ರಸ್ತೆ ಬಿಸಿಲು ಕುಡ್ಕೊಂಡು ಗಾಳಿಗಿಂತ ಎಷ್ಟೋ ಪಾಲು ಕಾದಿರತ್ತೆ. ಆಗಸ್ಟಲ್ಲಿ ಒಂದು ಮಧ್ಯಾಹ್ನ ಅರ್ಧ ರಸ್ತೆ ದಾಟೋದ್ರೊಳಗೆ ಸುಟ್ಟೇ ಹೋಯ್ತು, ಬಿಳೀ ಪಟ್ಟೆ ಮೇಲೆ ಕಾಲಿಟ್ಟು ಇಟ್ಟು ಹೇಗೋ ಆ ಕಡೆ ಸೇರಿದೆ, ಬಿಳೀ ಬಣ್ಣ ಅಷ್ಟು ಕಾದಿರಲ್ಲ. ಈಗ ಅಂಗೈ ಇಟ್ಟು ನೋಡ್ತೀನಿ, ಐದು ಎಣಿಸೋವರೆಗೂ ಇಡೋಕಾಗ್ಲಿಲ್ಲ ಅಂದ್ರೆ ಚಪ್ಪಲಿ. ಚಳಿ ಇದಕ್ಕಿಂತ ಮೋಸ, ಬಿಸಿ ಕೂಗಿ ಹೇಳತ್ತೆ, ಚಳಿ ಹೇಳೋದೇ ಇಲ್ಲ. ಕಾಲು ಮರಗಟ್ಟಿದ ಮೇಲೆ ಏನು ಚುಚ್ಚಿದ್ರೂ ಗೊತ್ತಾಗಲ್ಲ, ಅದಕ್ಕೇ ಚಳಿಗಾಲದಲ್ಲಿ ನಾನು ಹಟ ಮಾಡಲ್ಲ, ಬೂಟ್ ಹಾಕ್ಕೊಳ್ತೀನಿ. ಮಳೇಲಿ ನೆನೆದು ಮೆತ್ತಗಾದ ಚರ್ಮಾನ ಜಲ್ಲಿಕಲ್ಲು ಬೇಗ ಕೊಯ್ಯತ್ತೆ. ಹಿಮ್ಮಡಿ ಒಣಗಿ ಒಡಕು ಬರತ್ತೆ, ನೀನು ಫೋನಲ್ಲಿ ನೋಡಿ ಹೆದರಿದ್ದು ಅದನ್ನೇ, ಅದಕ್ಕೆ ಮುಲಾಮು ಹಚ್ತಾ ಇದೀನಿ, ಅರ್ಧ ವಾಸಿ ಆಗಿದೆ. ಎಸ್ಕಲೇಟರ್, ಸ್ಟೇಷನ್ ಟಾಯ್ಲೆಟ್, ಇಲ್ಲೆಲ್ಲ ಯಾವಾಗ್ಲೂ ಚಪ್ಪಲಿನೇ. ವಿಮಾನದಲ್ಲೂ ಅಷ್ಟೇ, ಕೆಲವು ಕಂಪನಿಗಳ ನಿಯಮದಲ್ಲೇ ಬರಿಗಾಲವರನ್ನ ಹತ್ತಿಸ್ಕೊಳ್ಳಲ್ಲ ಅಂತ ಇದೆ.

ಜನ ನೋಡೋ ರೀತಿ ಬಗ್ಗೆ ನೀನು ಕೇಳೇ ಕೇಳ್ತೀಯ. ಒಂದು ಮ್ಯೂಸಿಯಂ ಬಾಗಿಲಲ್ಲೇ ತಡೆದ್ರು, ಚಪ್ಪಲಿ ತೆಗೆದು ಹಾಕ್ಕೊಳ್ತಿದ್ರೂ ಸೆಕ್ಯುರಿಟಿಯವನು ಎಲ್ಲರ ಮುಂದೆ ಜೋರಾಗಿ ಏನೇನೋ ಅಂದ, ಅವತ್ತು ಬೇಜಾರಾಯ್ತು. ಇನ್ನೊಂದ್ಸಲ ಟ್ರೇನಲ್ಲಿ ಎದುರು ಕೂತಿದ್ದ ಅಜ್ಜಿ ತಮ್ಮ ಬ್ಯಾಗಿಂದ ಉಣ್ಣೆ ಕಾಲುಚೀಲ ತೆಗೆದು ನನ್ನ ಕೈಲಿಟ್ಟು ಮುಚ್ಚಿದ್ರು, ಬೇಡ ಅಂದ್ರೂ ಕೇಳ್ಲಿಲ್ಲ, ಥೇಟ್ ನಿನ್ನ ಹಾಗೇ ಮುಖ ಮಾಡ್ಕೊಂಡು. ಈಗ್ಲೂ ರಾತ್ರಿ ಅದನ್ನೇ ಹಾಕ್ಕೊಂಡು ಮಲಗೋದು.

ಇನ್ನೊಂದು ವಿಷಯ ನನ್ನನ್ನ ತುಂಬಾ ಕಾಡತ್ತೆ, ಅದನ್ನೂ ಬರೆದ್ಬಿಡ್ತೀನಿ. ಬರಿಗಾಲು ಅಂದ ಕೂಡ್ಲೇ ಎಲ್ರೂ ಹೇಳೋದು ಇಥಿಯೋಪಿಯಾದ ಅಬೆಬೆ ಬಿಕಿಲಾ ಹೆಸರು, 1960ರ ರೋಮ್ ಒಲಿಂಪಿಕ್ಸಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಓಡಿ ಚಿನ್ನ ಗೆದ್ದೋರು. ಮುಂದೆ 1964ರಲ್ಲಿ ಟೋಕಿಯೋದಲ್ಲೂ ಗೆದ್ರು, ಆಗ ಶೂ ಹಾಕಿದ್ರು ಅನ್ನೋದನ್ನ ಯಾರೂ ಹೇಳಲ್ಲ. ಅದೇ ದೇಶದ ಎತ್ತರದ ಪ್ರದೇಶದಲ್ಲಿ, ಜ್ವಾಲಾಮುಖಿಯಿಂದ ಆದ ಕೆಂಪು ಮಣ್ಣಲ್ಲಿ ವರ್ಷಗಟ್ಟಲೆ ಬರಿಗಾಲಲ್ಲಿ ದುಡಿದೋರಲ್ಲಿ ಕೆಲವರಿಗೆ ಕಾಲು ಊದ್ಕೊಳ್ಳೋ ಕಾಯಿಲೆ ಬರತ್ತೆ, ಪೋಡೋಕೋನಿಯೋಸಿಸ್ ಅಂತ, ನೋಡೋಕೆ ಆನೆಕಾಲು ರೋಗದ ಥರಾನೇ, ಆದ್ರೆ ಸೊಳ್ಳೆಯಿಂದ ಅಲ್ಲ, ಮಣ್ಣಿನ ಸಣ್ಣ ಕಣ ಚರ್ಮದೊಳಗೆ ಹೋಗಿ ಬರೋದು. ಚಿಕ್ಕಂದಿನಿಂದ ಶೂ ಹಾಕಿ ಕಾಲು ತೊಳ್ಕೊಂಡಿದ್ರೆ ಬರ್ತಾನೇ ಇರ್ಲಿಲ್ಲ. ಕೊಕ್ಕೆಹುಳಾನೂ ಹಾಗೇ, ಬಯಲಲ್ಲಿ ಶೌಚ ಮಾಡಿದ ಒದ್ದೆ ಮಣ್ಣಿಂದ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕರುಳಲ್ಲಿ ಕೂತು ರಕ್ತ ಹೀರತ್ತೆ. ನಾನು ಇರೋ ಚಪ್ಪಲಿ ಬಿಚ್ಚಿ ಬ್ಯಾಗಲ್ಲಿಟ್ಟು ನಡೀತೀನಿ, ಬೇಡ ಅನ್ಸಿದ ತಕ್ಷಣ ಹಾಕ್ಕೊಳ್ತೀನಿ. ಹಾಕ್ಕೊಳ್ಳೋಕೆ ಇಲ್ದೇ ನಡಿಯೋರ ಕಷ್ಟಾನೇ ಬೇರೆ. ಅವರ ಮುಂದೆ ನಿಂತು ಬರಿಗಾಲು ಎಷ್ಟು ಚಂದ ಅಂತ ನಾನು ಯಾವತ್ತೂ ಹೇಳಲಾರೆ. ಅಮ್ಮ, ನಿಂಗೆ ಚಪ್ಪಲಿ ಅಂದ್ರೆ ಯಾಕೆ ಅಷ್ಟೊಂದು ಮುಖ್ಯ ಅಂತಾನೂ ಈ ಕಾಯಿಲೆಗಳ ಬಗ್ಗೆ ಓದಿದ ಮೇಲೇ ನಂಗೆ ಸರಿಯಾಗಿ ಅರ್ಥ ಆಗಿದ್ದು.

ಧನುರ್ವಾಯು ಇಂಜೆಕ್ಷನ್ ಆಗಿದೆ, ಗಾಜು ಹೊಕ್ಕಿದ ಮಾರನೇ ದಿನಾನೇ ಡಾಕ್ಟರ್ ಹತ್ರ ಹೋಗಿ ಕೇಳಿದೆ, ಹಿಂದಿನದು ಹತ್ತು ವರ್ಷ ದಾಟಿತ್ತು, ಹಾಕಿಸ್ಕೊಂಡೆ.

ಅಪ್ಪ, ಇದನ್ನ ನೀವು ಓದಿ ನಾನೂ ಬೆಳಿಗ್ಗೆ ವಾಕಿಂಗ್ ಬರಿಗಾಲಲ್ಲೇ ಹೋಗ್ತೀನಿ ಅಂತ ಹೊರಡ್ಬೇಡಿ, ಕೈಮುಗೀತೀನಿ. ನಿಮಗೆ ಶುಗರ್ ಇದೆ. ಶುಗರ್ ಇರೋರಲ್ಲಿ ತುಂಬಾ ಜನಕ್ಕೆ ಕಾಲಿನ ನರಗಳ ಸ್ಪರ್ಶ ಮೆಲ್ಲಮೆಲ್ಲಗೆ ಕಮ್ಮಿ ಆಗತ್ತೆ, ಗಾಯ ಆದ್ರೂ ತಿಳಿಯಲ್ಲ, ಆದ ಗಾಯಾನೂ ಬೇಗ ಮಾಯಲ್ಲ. ನನ್ನ ಕಾಲು ನಂಗೆ ಎಲ್ಲಾ ಹೇಳತ್ತೆ ಅನ್ನೋ ಧೈರ್ಯದ ಮೇಲೇ ನಾನು ಬರಿಗಾಲಲ್ಲಿ ಹೋಗ್ತಿರೋದು, ನಿಮ್ಮ ಕಾಲಿನ ವಿಷಯದಲ್ಲಿ ಆ ಧೈರ್ಯ ನಂಗಿಲ್ಲ. ಮನೆ ಒಳಗೂ ಚಪ್ಪಲಿ ಹಾಕ್ಕೊಳಿ, ಹೊರಗೆ ಹೋಗೋ ಮುಂಚೆ ಶೂ ಒಳಗೆ ಕೈ ಹಾಕಿ ಕಲ್ಲುಗಿಲ್ಲು ಇದೆಯಾ ನೋಡಿ.

ಅಮ್ಮ, ದಿನಾ ರಾತ್ರಿ ಲೈಟ್ ಹಾಕಿ ಅಪ್ಪನ ಅಂಗಾಲು, ಬೆರಳ ಸಂದಿ ಎಲ್ಲ ಒಂದ್ಸಲ ನೋಡು, ಕೆಂಪಾಗಿದ್ರೆ, ಬೊಬ್ಬೆ ಇದ್ರೆ ನಾಳೆ ನಾಡಿದ್ದು ಅನ್ಬೇಡ, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗು. ಭಾನುವಾರ ಕಾಲ್ ಮಾಡಿದಾಗ ನನ್ನ ಕಾಲು ನಾನೇ ತೋರಿಸ್ತೀನಿ, ಅಪ್ಪನ ಕಾಲು ನೀನು ತೋರಿಸು.

ನಿಮ್ಮ ಮಗಳು