ಮಳೆ ನೀರು ಕೊಟ್ಟವರಿಗೆಲ್ಲ ಥ್ಯಾಂಕ್ಸ್

ಕಾಲೇಜಿನ ಪ್ರದರ್ಶನ ಮುಗಿಯಿತು. ಜ್ಯೂರಿಯೂ ಆಯಿತು, ಫಲಿತಾಂಶವೂ ಬಂತು. ದಾವಣಗೆರೆಯಲ್ಲಿ ಗೋಡೆಯಿಂದ ಇಳಿಸಿದ ಫ್ರೇಮುಗಳನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ತಂದಿದ್ದೇನೆ. ಓಣಿಗೆ ಕಾಲಿಟ್ಟಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ: "ಏನಾಯ್ತಮ್ಮ ನಿನ್ನ ನೀಲಿ ಫೋಟೋ?" ಚೆನ್ನಾಗಿ ಆಯಿತು. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಚೆನ್ನಾಗಿ ಆಯಿತು. ಇದರಲ್ಲಿ ಯಾರ್‍ಯಾರ ಪಾಲು ಎಷ್ಟಿದೆ ಅಂತ ಎಲ್ಲರ ಮುಂದೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ದಾವಣಗೆರೆಯ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿನಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಕೋಟೆಯ ಹೊಂಡಗಳನ್ನು ಆರಿಸಿಕೊಂಡಿದ್ದೆ. ಹೊಂಡ ಅನ್ನುವುದಕ್ಕಿಂತ, ನೀರು ಇಳಿದ ಮೇಲೆ ಕಲ್ಲಿನ ಮೇಲೆ ಉಳಿಯುವ ಗುರುತುಗಳನ್ನು. ಅವನ್ನು ಸಯನೋಟೈಪ್ ಅನ್ನುವ ಹಳೆಯ ವಿಧಾನದಲ್ಲಿ, ಬಿಸಿಲಿಗಿಟ್ಟು, ಕೈಯಾರೆ ಪ್ರಿಂಟ್ ಮಾಡಿದೆ.

ಇದರ ಬೀಜ ಬಿದ್ದದ್ದು ಮಾರಿಕಣಿವೆಯಲ್ಲಿ. ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ನಮ್ಮ ಓಣಿಯಿಂದ ಒಂದು ಟೆಂಪೋ ಮಾಡಿಕೊಂಡು ಹೋಗಿದ್ದೆವು. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು ಅದು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬೀಳಲು 89 ವರ್ಷ ಬೇಕಾಯಿತು. ಎದುರು ಮನೆ ಅಜ್ಜಿ 1933ರ ಕಥೆಯನ್ನು ತಮ್ಮ ಅಪ್ಪನ ಬಾಯಲ್ಲಿ ಕೇಳಿದ್ದರಂತೆ. ಹರಿಯುವ ನೀರನ್ನು ಬೊಗಸೆಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡರು. ಸುತ್ತ ಜಾತ್ರೆಯಂತೆ ಜನ, ಎಲ್ಲರ ಮೊಬೈಲೂ ನೀರಿನ ಕಡೆಗೆ. ನನ್ನ ಮೊಬೈಲು ಮಾತ್ರ ಅಜ್ಜಿ ಕಡೆಗೆ ತಿರುಗಿತ್ತು. ಬರದ ಜಿಲ್ಲೆಯವರು ನೀರನ್ನು ನೋಡುವ ರೀತಿಯೇ ಬೇರೆ ಅಂತ ನನಗೆ ತಿಳಿದದ್ದು ಆಗ. ಅಜ್ಜಿ, ಮೊದಲ ಥ್ಯಾಂಕ್ಸ್ ನಿಮಗೆ. ನಿಮ್ಮ ವಿಷಯ ಇನ್ನೂ ಇದೆ, ಮುಂದೆ ಬರುತ್ತೆ.

ಎರಡನೆಯದು, ಕೋಟೆಯಲ್ಲಿ ಪ್ರವಾಸಿಗರಿಗೆ ಕಥೆ ಹೇಳುವ ಗೈಡ್ ಅಣ್ಣನಿಗೆ. ಶುರುವಿನಲ್ಲಿ ನಾನು ಎಲ್ಲರ ಹಾಗೆ ಬುರುಜು, ಬಾಗಿಲು, ಬತೇರಿ ಅಂತ ಓಡಾಡುತ್ತಿದ್ದೆ. ಓಬವ್ವನ ಕಿಂಡಿ ಹತ್ತಿರ ಅಣ್ಣ ನಿಲ್ಲಿಸಿ ಹೇಳಿದರು: "ಎಲ್ರೂ ಕಿಂಡಿ ಫೋಟೋನೇ ತಗೀತಾರೆ. ಆ ತಾಯಿ ಇಲ್ಲಿಗೆ ಬಂದಿದ್ದು ಯಾಕಮ್ಮಾ? ಗಂಡ ಊಟಕ್ಕೆ ಕೂತಿದ್ದ, ನೀರು ತರೋಕೆ ಬಂದ್ಲು. ಆ ನೀರಿನ ಫೋಟೋ ಯಾರೂ ತಗಿಯಲ್ಲ ನೋಡು." ಹೇಳಿದ್ದಷ್ಟೇ ಅಲ್ಲ, ಆ ತಾಯಿ ನೀರಿಗೆ ಬಂದ ತಣ್ಣೀರು ದೋಣಿ ಅನ್ನುವ ಚಿಕ್ಕ ನೀರಿನ ತಾಣಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಚಿಕ್ಕಂದಿನಿಂದ ಕೇಳಿದ ಕಥೆ. ಅದರೊಳಗೆ ಒಂದು ಕೊಡ ನೀರು ಇತ್ತು ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಆಮೇಲೆ ಬಿಡುವಾದಾಗಲೆಲ್ಲ ಅವರು ನೀರಿನ ದಾರಿ ತೋರಿಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ. ಅಲ್ಲಿಂದ ಕೆಳಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ. ಒಂದರಲ್ಲಿ ಹೆಚ್ಚಾದದ್ದು ಇನ್ನೊಂದಕ್ಕೆ. ಪಾಳೆಯಗಾರರ ಕಾಲದವರು ಬಂಡೆಯ ಇಳಿಜಾರನ್ನು ಓದಿ ಕಟ್ಟಿದ ವ್ಯವಸ್ಥೆ ಇದು. ಮದ್ದು ಗುಂಡಿನಷ್ಟೇ ನೀರೂ ಈ ಕೋಟೆಯನ್ನು ಕಾಯ್ದಿದೆ ಅಂತ ನಾನು ನಂಬುತ್ತೇನೆ. ಬೇಸಿಗೆಯಲ್ಲಿ ಅಕ್ಕ-ತಂಗಿ ಹೊಂಡದ ಕಲ್ಲನ್ನು ಹತ್ತಿರದಿಂದ ನೋಡಿ. ನೀರು ನಿಂತು ನಿಂತು ಇಳಿದ ಕಡೆಯೆಲ್ಲ ಬೆಳ್ಳಗೆ ಗೆರೆ. ಅದರ ಕೆಳಗೆ ಒಣಗಿದ ಪಾಚಿ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತೆ. ಇನ್ನೂ ಕೆಳಗೆ ಹಸಿ ಮಣ್ಣಿನಲ್ಲಿ ಹಕ್ಕಿ ಕಾಲಿನ ಅಚ್ಚು. ಸ್ಮಾರಕದೊಳಗೆ ಟ್ರೈಪಾಡಿಗೆ ಅನುಮತಿ ಬೇಕು. ಹಾಗಾಗಿ ಕ್ಯಾಮೆರಾವನ್ನು ಬಂಡೆ ಮೇಲೇ ಇಟ್ಟು, ಹೊಟ್ಟೆ ಮೇಲೆ ಮಲಗಿ ತೆಗೆದೆ. ಕಲ್ಲಿನ ಮಟ್ಟಕ್ಕೆ ಇಳಿದ ಮೇಲೆಯೇ ಚಿತ್ರಗಳಿಗೆ ಒಂದು ಧಾಟಿ ಸಿಕ್ಕಿತು.

ಇನ್ನು ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟಿಗೆ ಗೈಡ್ ಆಗಿದ್ದ ಮೇಡಂಗೆ ಎಷ್ಟು ಹೇಳಿದರೂ ಕಡಿಮೆ. ನಡುವೆ ಒಂದು ಹಂತದಲ್ಲಿ ನನ್ನ ಹತ್ತಿರ ಚಿತ್ರಗಳು ರಾಶಿ ಬಿದ್ದಿದ್ದವು, ದಾರಿ ಮಾತ್ರ ಕಾಣುತ್ತಿರಲಿಲ್ಲ. ಮೇಡಂ ಎಲ್ಲವನ್ನೂ ಸಣ್ಣ ಪ್ರಿಂಟ್ ಹಾಕಿಸಿಕೊಂಡು ಬಾ ಅಂದರು. ಸ್ಟುಡಿಯೋ ನೆಲದ ಮೇಲೆ ಹರಡಿಸಿದರು. ಚಪ್ಪಲಿ ಬಿಟ್ಟು ನಡುವೆ ಕೂತು, ನೀರು ತುಂಬಿರುವ ಚಿತ್ರಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕುತ್ತಾ ಹೋದರು. ಹಸಿರು ನೀರಿನಲ್ಲಿ ಬುರುಜಿನ ನೆರಳು ಬಿದ್ದಿದ್ದ, ನನಗೆ ತುಂಬಾ ಇಷ್ಟವಾದ ಚಿತ್ರವೂ ಬೋರಲಾಯಿತು. ಹೊಟ್ಟೆ ಚುರ್ ಅಂದಿತು. "ನೀರು ಇರೋದು ಇರಲಿ, ನೀರು ಹೋಗಿರೋದನ್ನ ನೋಡೋಣ" ಅಂದರು. ಉಳಿದದ್ದು ಕೆಲವೇ ಚಿತ್ರ. ಆದರೆ ಅವು ಒಂದರ ಪಕ್ಕ ಒಂದು ಕೂತಾಗ ಮಾತಾಡಿಕೊಳ್ಳುತ್ತಿದ್ದವು. ನನ್ನ ಕೆಲಸ ನಿಜಕ್ಕೂ ಶುರುವಾದದ್ದು ಆ ಮಧ್ಯಾಹ್ನ. ಸಯನೋಟೈಪ್ ಮಾಡು ಅಂದವರೂ ಅವರೇ. ಒಣ ಕಲ್ಲು ನೀಲಿಯಾಗಿ ಬಂದರೆ, ಹೋದ ನೀರು ಬಣ್ಣದಲ್ಲಾದರೂ ವಾಪಸ್ ಬರುತ್ತೆ ಅಂತ ಅವರಿಗೆ ಹೊಳೆದಿತ್ತು.

ಸಯನೋಟೈಪ್ 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಕಬ್ಬಿಣದ ಎರಡು ಲವಣಗಳ ದ್ರಾವಣ ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿಯಬೇಕು. ಒಣಗಿದ ಮೇಲೆ ನೆಗೆಟಿವ್ ಇಟ್ಟು, ಮೇಲೆ ಗಾಜು ಹೇರಿ ಬಿಸಿಲಿಗೆ ಇಟ್ಟರೆ ಹಳದಿ-ಹಸಿರು ಬಣ್ಣ ನಿಧಾನಕ್ಕೆ ಬೂದಿ ತಿರುಗುತ್ತೆ. ನೀರಿಗೆ ಹಾಕಿದರೆ ಬಿಸಿಲು ತಾಗದ ಕಡೆಯ ಹಳದಿ ಬಿಟ್ಟುಕೊಂಡು, ತಾಗಿದ ಕಡೆ ನೀಲಿ ನಿಲ್ಲುತ್ತೆ. ಚಿತ್ರದುರ್ಗದಲ್ಲಿ ಬಿಸಿಲಿಗೇನು ಬರ? ಕಷ್ಟ ಬಂದದ್ದು ನೀರಿನಿಂದ.

ಮನೆಯ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಮೊದಲು ನೀಲಿ ಚೆನ್ನಾಗಿ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತೆಳು ಛಾಯೆಗಳೆಲ್ಲ ಕರಗಿ, ಕಾಗದ ಮಾಸಲು ಹಳದಿಯಾಗುತ್ತಿತ್ತು. ಬೆಳ್ಳಗಿನ ನೀರಿನ ಗೆರೆಗಳೇ ನನ್ನ ಚಿತ್ರದ ಜೀವ. ಸುತ್ತಲಿನ ನೀಲಿಯೇ ಹೋದರೆ ಅವು ಕಾಣುವುದಾದರೂ ಹೇಗೆ? ಕಾಗದ ದುಬಾರಿ, ಸಲ್ಲಿಸುವ ದಿನ ಹತ್ತಿರ ಬರುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇದನ್ನು ಬಿಟ್ಟು ಸಾಮಾನ್ಯ ಪ್ರಿಂಟ್ ಹಾಕಿಸಿಬಿಡೋಣ ಅಂತ ಅಮ್ಮನ ಹತ್ತಿರ ಅತ್ತಿದ್ದೂ ಇದೆ.

ಆಗ ಕಾಪಾಡಿದವರು ಪಿಯುಸಿಯಲ್ಲಿ ಕೆಮಿಸ್ಟ್ರಿ ಕಲಿಸಿದ ನಮ್ಮ ಮೇಷ್ಟ್ರು. ನಿವೃತ್ತರಾಗಿದ್ದಾರೆ, ಆದರೂ ಫೋನ್ ಮಾಡಿದ ಸಂಜೆಯೇ ಸ್ಕೂಟರಿನಲ್ಲಿ ಬಂದರು. ಬಕೆಟ್ ನೀರಿಗೆ ಪಿಎಚ್ ಪೇಪರ್ ಅದ್ದಿ ಬೆಳಕಿಗೆ ಹಿಡಿದರು. "ನಿನ್ನ ನೀಲಿಗೆ ಕ್ಷಾರ ಆಗಿ ಬರಲ್ಲ ಕಣಮ್ಮ. ಕಬ್ಬಿಣ ಬಿಟ್ಕೊಳ್ಳುತ್ತೆ. ಈ ನೀರು ಬೇಡ" ಅಂದರು. ಮೊದಲ ತೊಳೆತಕ್ಕೆ ಸ್ವಲ್ಪ ವಿನೆಗರ್ ಬೆರೆಸು, ಕೊನೆಗೆ ಮಳೆ ನೀರು ಸಿಕ್ಕರೆ ಬಳಸು ಅಂದರು.

ಬೇಸಿಗೆಯಲ್ಲಿ ಮಳೆ ನೀರು ಎಲ್ಲಿಂದ ತರೋದು? ಜಗುಲಿ ಮೇಲೆ ಕೂತಿದ್ದ ಎದುರು ಮನೆ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಲ್ಲವ್ವಾ, ನನ್ನ ತೊಟ್ಟೀಲಿ ಐತಲ್ಲ" ಅಂದರು. ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅಂತ ಅವರು ಹಿಂಗಾರು ಮಳೆಯ ನೀರನ್ನು ಮಾಳಿಗೆಯಿಂದ ಇಳಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟಿರುತ್ತಾರೆ. ಬೇಸಿಗೆ ಪೂರ್ತಿ ಅಡುಗೆಗೆ ಆಗಬೇಕಾದ ನೀರು ಅದು. ಅದರಲ್ಲಿ ನನ್ನ ಕಾಗದ ತೊಳೆಯಲು ಕೊಡಗಟ್ಟಲೆ ಕೊಟ್ಟರು. ಬೇಡ ಅಜ್ಜಿ ಅಂದರೆ ಬೈದರು. ಸುದ್ದಿ ಓಣಿಯಲ್ಲಿ ಹರಡಿ, ಸಂಪಿನಲ್ಲಿ ಮಳೆ ನೀರು ಇದ್ದ ಇನ್ನೂ ಎರಡು ಮನೆಯವರು ಕ್ಯಾನು ತುಂಬಿಸಿ ತಂದಿಟ್ಟರು.

ಆ ನೀರಿನಲ್ಲಿ ಮೊದಲ ಪ್ರಿಂಟ್ ತೊಳೆದದ್ದು ಅಜ್ಜಿಯ ಹಿತ್ತಿಲಲ್ಲಿ. ಹಳದಿ ಬಿಟ್ಟುಕೊಂಡಿತು. ನೀಲಿ ನಿಂತಿತು. ತಂತಿ ಮೇಲೆ ಕ್ಲಿಪ್ ಹಾಕಿ ನೇತುಹಾಕಿದೆವು. ಒಣಗುತ್ತಾ ಒಣಗುತ್ತಾ ನೀಲಿ ಇನ್ನೂ ಗಾಢವಾಯಿತು. ಅಕ್ಕ-ತಂಗಿ ಹೊಂಡದ ಗೆರೆಗಳು ಒಂದೊಂದೂ ಎಣಿಸುವ ಹಾಗೆ ಬಂದಿದ್ದವು. ಅಜ್ಜಿ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಮೇಲಿನ ಗೆರೆಗೆ ಬೆರಳು ತೋರಿಸಿ, "ನಾನು ಸಣ್ಣೋಳಿದ್ದಾಗ ಇಲ್ಲೀಗಂಟ ನೀರಿರ್ತಿತ್ತು" ಅಂದರು. ಜ್ಯೂರಿಯಲ್ಲಿ ಸಿಕ್ಕ ಒಳ್ಳೆಯ ಮಾತುಗಳೆಲ್ಲ ನೆನಪಿವೆ, ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಮಾತು ಅದು.

ಇನ್ನು ಅಪ್ಪ, ಗಾಜಿನ ಅಂಚು ನನ್ನ ಕೈ ಕೊಯ್ಯಬಾರದೆಂದು ಉಜ್ಜಿಸಿ ತಂದವರು. ಅಮ್ಮ, ಬಚ್ಚಲುಮನೆಯನ್ನು ತಿಂಗಳುಗಟ್ಟಲೆ ಬಿಟ್ಟುಕೊಟ್ಟವರು. ದಾವಣಗೆರೆಯ ಫ್ರೇಮ್ ಅಂಗಡಿ ಅಣ್ಣ, ದುಡ್ಡು ಆಮೇಲೆ ಕೊಡಮ್ಮ ಅಂದವರು. ರಾತ್ರಿಯೆಲ್ಲ ಏಣಿ ಹಿಡಿದು ನಿಂತ ಜೂನಿಯರ್‌ಗಳು, ಪ್ರದರ್ಶನಕ್ಕೆ ಬಂದು ಹೊತ್ತು ಮಾಡಿಕೊಂಡು ನಿಂತು ನೋಡಿದವರು, ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್.

ಅಜ್ಜಿಗೆ, ಮೇಷ್ಟ್ರಿಗೆ, ಕೋಟೆಯ ಅಣ್ಣನಿಗೆ ಒಂದೊಂದು ಪ್ರಿಂಟ್ ಎತ್ತಿಟ್ಟಿದ್ದೇನೆ. ನೇರ ಬಿಸಿಲು ಬೀಳುವ ಗೋಡೆಗೆ ಮಾತ್ರ ಹಾಕಬೇಡಿ. ಬಣ್ಣ ಮಾಸಿದ ಹಾಗೆ ಅನ್ನಿಸಿದರೆ ಕೆಲವು ದಿನ ಕತ್ತಲಲ್ಲಿಡಿ, ತಕ್ಕಮಟ್ಟಿಗೆ ತಿರುಗಿ ಬರುತ್ತೆ.

ಮುಂದೆ ಊರಿನ ಹಳೆ ಬಾವಿಗಳನ್ನು ತೆಗೆಯಬೇಕು ಅಂತಿದೆ. ಮುಚ್ಚಿರುವುದಾದರೂ ಸರಿ, ನಿಮ್ಮ ಓಣಿಯಲ್ಲಿ ಇದ್ದರೆ ಹೇಳಿ. ಬಳಿಯುವ ದ್ರಾವಣ ಇನ್ನೂ ಸ್ವಲ್ಪ ಉಳಿದಿದೆ. ಈ ಭಾನುವಾರ ಅಜ್ಜಿಯ ಹಿತ್ತಿಲಲ್ಲಿ ಮಕ್ಕಳಿಗೆ ಪ್ರಿಂಟ್ ಮಾಡೋದು ಹೇಳಿಕೊಡುತ್ತೇನೆ. ಬರುವವರು ಬಿಸಿಲು ಏರುವ ಮೊದಲೇ ಬನ್ನಿ, ಕೈಯಲ್ಲಿ ಒಂದೊಂದು ಎಲೆ ಹಿಡಿದುಕೊಂಡು.