ಮಕ್ಕಳು ಮೊದಲು ಕಾಮನಬಿಲ್ಲು ನೋಡಲಿ

ಮಾನ್ಯ ಸಂಪಾದಕರೇ,

ಮೊನ್ನೆ ಸಂಜೆ ಮಲ್ಪೆ ಬೀಚಿನಲ್ಲಿ ಮಳೆ ಬಿಟ್ಟು ಬಿಸಿಲು ಬಂತು. ಎಲ್ಲರೂ ಸಮುದ್ರ ನೋಡುತ್ತಿದ್ದರು. ನನ್ನ ಆರು ವರ್ಷದ ಮೊಮ್ಮಗ ಮಾತ್ರ ಹಿಂದೆ ತಿರುಗಿ, ಕೈಯಲ್ಲಿದ್ದ ಚರುಮುರಿ ಚೆಲ್ಲಿದ್ದೂ ಗೊತ್ತಾಗದೆ, 'ಅಜ್ಜಾ, ಅಲ್ಲಿ!' ಎಂದು ಕುಣಿದ. ತೆಂಗಿನ ಮರಗಳ ಮೇಲೆ ಕಾಮನಬಿಲ್ಲು. ನನಗೀಗ 68, ಆದರೂ ಎದೆ ಝಲ್ಲೆಂದಿತು.

ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ 1802ರಲ್ಲಿ ಬರೆದ ಪುಟ್ಟ ಕವಿತೆ ನೆನಪಾಯಿತು. ಬರೀ 9 ಸಾಲು. ಕಾಮನಬಿಲ್ಲು ಕಂಡಾಗ ಹುಡುಗನಾಗಿದ್ದಾಗಲೂ ಹೀಗೇ ಕುಣಿದೆ, ಈಗಲೂ ಹಾಗೇ, ಮುದುಕನಾದಾಗಲೂ ಹಾಗೇ ಇರಲಿ, ಇಲ್ಲವಾದರೆ ಸಾವೇ ಬರಲಿ ಅನ್ನುತ್ತಾನೆ. ಆಗ ಅವನಿಗೆ 32 ಕೂಡ ತುಂಬಿರಲಿಲ್ಲ! ಮಗುವೇ ಮನುಷ್ಯನ ತಂದೆ ಎಂಬ ಮಾತು ಬರುವುದೂ ಇದರಲ್ಲೇ.

ನಾನು ಶಾಲೆಯಲ್ಲಿ ಇದನ್ನು ಕಲಿತದ್ದು ಗೈಡ್ ನೋಡಿ, ಎರಡು ಅಂಕಕ್ಕೆ. ಹೊರಗೆ ಮಳೆ ಸುರಿಯುತ್ತಿದ್ದರೂ ಕಿಟಕಿ ಕಡೆ ನೋಡಿದರೆ ಬೈಗುಳ. ಅದು ಈಗಲೂ ನೋವಾಗುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆಗೆ ಬರವಿಲ್ಲ, ಅಲ್ವಾ? ಮಳೆಬಿಸಿಲು ಒಟ್ಟಿಗೆ ಬಂದ ದಿನ ಮೇಷ್ಟ್ರುಗಳು ಪುಸ್ತಕ ಮುಚ್ಚಿಸಿ, ಮಕ್ಕಳನ್ನು ಐದು ನಿಮಿಷ ಅಂಗಳಕ್ಕೆ ಬಿಡಲಿ. ಕಾಮನಬಿಲ್ಲು ಕಾಣಲು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಲು ಹೇಳಿ. ಪ್ರಶ್ನೋತ್ತರ ಆಮೇಲೆ ಬರೆಸಬಹುದು.

– ಓದುಗ, ಉಡುಪಿ